ಸೋಲಿಗೆ ಮೈಕಿಲ್ಲ

ಜನವರಿ ೭, ಭಾನುವಾರ

ಮಾನ್ಯ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ಅಲಂಕರಿಸಲು ಕುರ್ಚಿ ಸಾಲದೆ ಕೆಳಗೆ ಕುಳಿತಿರುವ ಉಳಿದ ಗಣ್ಯರೇ, ಗೋಡೆ ಹತ್ತಿ ಪುಕ್ಕಟೆ ನೋಡುತ್ತಿರುವ ಕ್ರೀಡಾಭಿಮಾನಿಗಳೇ, ಈ ದಿನಚರಿಯ ಉದ್ಘಾಟನೆಗೆ ತಮಗೆಲ್ಲ ಆದರದ ಸ್ವಾಗತ. ಪುಸ್ತಕ ಕೊಟ್ಟು ಉಪಕರಿಸಿದವರು ಒಂದು ಹಾಸಿಗೆ ಕಂಪನಿಯವರು. ಪ್ರತಿ ಪುಟದ ತಲೆಯ ಮೇಲೆ ‘ಬಿದ್ದರೆ ಹೀಗೆ ಬೀಳಬೇಕು’ ಎಂದು ಅಚ್ಚು ಹಾಕಿಸಿದ್ದಾರೆ. ಅವರಿಗೂ ವಂದನೆ.

ಈಗ ಭಾಷಣಕಾರನ ಪರಿಚಯ. ಬಸ್ ನಿಲ್ದಾಣದ ನೌಕರ. ಬರುವ ಬಸ್ಸು, ಹೋಗುವ ಬಸ್ಸು, ಬಾರದೆ ಕೈಕೊಟ್ಟ ಬಸ್ಸು ಎಲ್ಲವನ್ನೂ ಮೈಕಿನಲ್ಲಿ ಕೂಗಿಯೇ ಅರ್ಧ ಆಯುಷ್ಯ ಕಳೆದವನು. ಹೋದ ವರ್ಷ ಒಂದು ಯಂತ್ರ ಬಂತು. ಅದರೊಳಗೆ ಒಬ್ಬ ಹೆಂಗಸಿನ ದನಿ. ಆಕೆಗೆ ನೆಗಡಿಯಾಗುವುದಿಲ್ಲ, ರಜೆ ಬೇಕಿಲ್ಲ, ಪ್ರಾಸದ ಚಟವಂತೂ ಇಲ್ಲವೇ ಇಲ್ಲ. ನನ್ನನ್ನು ಕಳೆದುಹೋದ ವಸ್ತುಗಳ ಕೋಣೆಗೆ ಕಳುಹಿಸಿದರು. ಅಲ್ಲಿ ಈಗ ಇರುವವರು: ಕೊಡೆಗಳು, ಒಂಟಿ ಚಪ್ಪಲಿಗಳು, ಒಂದು ಹಲ್ಲಿನ ಸೆಟ್ಟು, ನಾನು.

ಹಾಗಾಗಿ ಭಾನುವಾರವೊಂದೇ ಉಳಿದ ಗತಿ. ಫುಟ್‌ಬಾಲ್ ಮೈದಾನದಲ್ಲಿ, ಏಣಿ ಹತ್ತಿ ಹೋಗುವ ತಗಡಿನ ಗೂಡೊಂದಿದೆ. ಅಲ್ಲಿ ಕುಳಿತು ನಮ್ಮ ಕ್ಲಬ್ಬಿನ ಆಟವನ್ನು ಮೈಕಿನಲ್ಲಿ ಹೇಳುವುದು ನನ್ನ ಸೇವೆ. ನಮ್ಮ ತಂಡ ಲೀಗಿನ ಪಟ್ಟಿಯ ಕೊನೆಯ ಸಾಲಿನಲ್ಲಿ ಬಾಡಿಗೆಯಿಲ್ಲದೆ ವಾಸವಾಗಿದೆ. ಆದರೂ ಅಪರೂಪಕ್ಕೆ ಗೋಲು ಹೊಡೆಯುತ್ತದೆ. ಆಗ ನಾನು ಪ್ರಾಸ ಬಿಡುತ್ತೇನೆ. ಇವತ್ತಿನದು: ‘ಎಡಗಡೆ ನುಗ್ಗಿ, ಎದುರಾಳಿ ಕುಗ್ಗಿ, ಬಲೆಯೊಳಗೆ ಸುಗ್ಗಿ!’ ಚಪ್ಪಾಳೆ ಬಂತು. ಎಣಿಸುವಷ್ಟೇ ಇತ್ತು, ಇರಲಿ.

ಎದುರಾಳಿ ಗೋಲು ಹೊಡೆದರೆ ಮಾತ್ರ ಗುಂಡಿ ಒತ್ತಿ ಮೈಕು ಆರಿಸುತ್ತೇನೆ. ಚೆಂಡು ಮತ್ತೆ ನಡುಗೆರೆಗೆ ಬರುವವರೆಗೆ ಮೌನ. ನನಗಿಂತ ಮೊದಲು ಆ ಕುರ್ಚಿಯಲ್ಲಿದ್ದ ಹಿರಿಯರು ಕೆಮ್ಮುತ್ತ ಕೆಮ್ಮುತ್ತ ಹೇಳಿಕೊಟ್ಟದ್ದು: “ಬಿದ್ದವನ ಮೇಲೆ ಮೈಕು ಹಿಡೀಬಾರದಪ್ಪ. ಸೋಲಿಗೆ ಮೈಕಿಲ್ಲ.” ಈ ಮೈದಾನದ ಕಾನೂನು ಅದೊಂದೇ. ಎದುರು ತಂಡದವರು ಕೂಡ ನಮ್ಮ ಮೌನಕ್ಕೆ ಟೊಪ್ಪಿಗೆ ತೆಗೆಯುತ್ತಾರೆ.

ಗೋಲ್‌ಕೀಪರು ನನ್ನ ಹೆಂಡತಿಯ ತಮ್ಮ. ಕಿಟಕಿಗಳಿಗೆ ಗಾಜು ಕೂರಿಸುವುದು ಅವನ ಕಸುಬು. ಮೈದಾನದಲ್ಲಿ ಎಲ್ಲರಿಗೂ ಅವನು ‘ಗಾಜು’. ಇರುವುದು ನಮ್ಮ ಮನೆಯ ಮೇಲಿನ ಕೋಣೆಯಲ್ಲೇ. ಪಂದ್ಯಕ್ಕೆ ಮೊದಲು ಗೋಲಿನ ಎರಡೂ ಕಂಬಗಳನ್ನು ಗೇಣು ಹಾಕಿ ಅಳೆಯುತ್ತಾನೆ. ಚೌಕಟ್ಟು ಸೊಟ್ಟಗಿದ್ದರೆ ಗಾಜು ನಿಲ್ಲುವುದಿಲ್ಲವಂತೆ, ಅಂದಮೇಲೆ ತಾನು ಹೇಗೆ ನಿಲ್ಲುವುದಂತೆ. ಅವನದು ಒಂದೇ ದೂರು. ಪ್ರಾಸವೆಲ್ಲ ಗೋಲು ಹೊಡೆದವರಿಗೆ, ತಡೆದವನಿಗೆ ಏನೂ ಇಲ್ಲ.

“ಭಾವ, ಒಂದೇ ಒಂದು ಸಲ ನನ್ನ ಮೇಲೂ ಕಟ್ಟಿ.”

“ಒಂದೂ ಗೋಲು ಬಿಡದೆ ಒಂದು ಪಂದ್ಯ ಗೆಲ್ಲಿಸು. ಕಟ್ತೀನಿ.”

ಈ ಒಪ್ಪಂದಕ್ಕೆ ಒಂಬತ್ತು ವರ್ಷ. ಮೊದಲ ಸಾಲು ಎಂದೋ ಸಿದ್ಧವಾಗಿದೆ: ‘ಬಿರುಗಾಳಿಗೂ ಅಲುಗದ ಕದ’. ಎರಡನೆಯ ಸಾಲು ಬರಬೇಕು. ಗೆಲುವೂ ಬರಬೇಕು. ಯಾವುದಕ್ಕೂ ಅವಸರವಿದ್ದಂತಿಲ್ಲ.

ಮುಖ್ಯ ಸುದ್ದಿಯನ್ನೇ ಮರೆತೆ. ನಮ್ಮ ಮೇಲೆ ಸಿನಿಮಾ ಬರುತ್ತಿದೆ. ಹೋದ ಋತುವಿಡೀ ಟೋಪಿ ಹಾಕಿದ ನಿರ್ದೇಶಕನೊಬ್ಬ ನನ್ನ ಗೂಡಿನಲ್ಲೇ ಕುಳಿತು, ನನ್ನ ಫ್ಲಾಸ್ಕಿನ ಚಹಾವನ್ನೇ ಕುಡಿದು, ನಾನು ಹೇಳಿದ್ದನ್ನೆಲ್ಲ ಫೋನಿನಲ್ಲಿ ಹಿಡಿದುಕೊಂಡ. “ಸರ್, ಸೋತರೂ ಬಗ್ಗದ ನಿಮ್ಮ ಛಲ ಇದೆಯಲ್ಲ, ಅದೇ ನನ್ನ ಸಿನಿಮಾ” ಅಂದ. ಶುಕ್ರವಾರ ನಮಗೆಲ್ಲ ಮುಂಚಿತವಾಗಿ ತೋರಿಸುತ್ತಾರೆ. ಇಸ್ತ್ರಿ ಮಾಡಿದ ಅಂಗಿ ಬಾಗಿಲ ಹಿಂದೆ ತೂಗುತ್ತಿದೆ.

ಜನವರಿ ೧೨, ಶುಕ್ರವಾರ

ಟೋಪಿ ಹಾಕಿಕೊಂಡು ಬಂದವನು ಟೋಪಿ ಹಾಕಿ ಹೋದ. ಇದಕ್ಕಿಂತ ಚಿಕ್ಕದಾಗಿ ಹೇಳಲು ಬರುವುದಿಲ್ಲ. ದೊಡ್ಡದಾಗಿ ಹೇಳುತ್ತೇನೆ, ಕೇಳಿ.

ಅದು ಹಾಸ್ಯಚಿತ್ರ. ಸಿನಿಮಾದ ಕ್ಲಬ್ಬು ಸೋತು ಸೋತು ಸುಣ್ಣವಾಗಿರುತ್ತದೆ. ಅದರ ಮಾಲೀಕ ಒಂದು ದಿನ ಗಮನಿಸುತ್ತಾನೆ: ಗೆದ್ದಾಗ ಜನ ಎದ್ದು ಮನೆಗೆ ಹೋಗುತ್ತಾರೆ, ಸೋತಾಗ ಹೊಟ್ಟೆ ಹಿಡಿದುಕೊಂಡು ನಕ್ಕು ಮುಂದಿನ ವಾರಕ್ಕೂ ಟಿಕೆಟ್ ಕೊಳ್ಳುತ್ತಾರೆ. ಅಲ್ಲಿಂದ ಸೋಲಿನ ಅಂಗಡಿ ಶುರು. ಗೇಟಿನಲ್ಲಿ ಕಣ್ಣೀರು ಒರೆಸುವ ಕರವಸ್ತ್ರ ಮಾರಾಟ. ಪೆಟ್ಟು ಬಿದ್ದ ಆಟಗಾರನ ಬ್ಯಾಂಡೇಜಿನ ಮೇಲೆ ಜಾಹೀರಾತು. ಕೊನೆಗೆ ಅದೃಷ್ಟ ಹುಚ್ಚೆದ್ದು ತಂಡ ಗೆಲ್ಲುತ್ತದೆ, ಎಲ್ಲರೂ ಕುಣಿಯುತ್ತಾರೆ, ದೀಪ ಹತ್ತುತ್ತದೆ.

ಸಿನಿಮಾದ ಗೋಲ್‌ಕೀಪರು ಕಂಬ ತಬ್ಬಿಕೊಂಡು ಅಳುತ್ತಾನೆ. ಗೇಣು ಹಾಕುತ್ತ ಲೆಕ್ಕ ತಪ್ಪುತ್ತಾನೆ. ಅವನು ಮತ್ತೆ ಮೊದಲಿನಿಂದ ಎಣಿಸುವಾಗ ಚೆಂಡು ಅವನ ಕಾಲಸಂದಿಯಲ್ಲಿ ಹಾದುಹೋಗುತ್ತದೆ. ಚಿತ್ರಮಂದಿರ ಬಿದ್ದು ಬಿದ್ದು ನಕ್ಕಿತು. ಪಕ್ಕದಲ್ಲಿ ಕುಳಿತ ನಮ್ಮ ಗಾಜು ಮೊದಲು ತಾನೂ ನಕ್ಕ. ಆಮೇಲೆ ಎರಡೂ ಅಂಗೈ ತೊಡೆಯ ಕೆಳಗೆ ಸೇರಿಸಿ ಕುಳಿತ.

ಇನ್ನು ಮೈಕಿನವನು. ತಲೆಗೆ ಸೊಟ್ಟ ವಿಗ್ಗು. ಏಣಿಯಿಂದ ಮೂರು ಸಲ ಬೀಳುತ್ತಾನೆ. ಎದುರಾಳಿ ಗೋಲು ಹೊಡೆದಾಗಲೆಲ್ಲ ಮೈಕು ಆರಿಸುವ ಬದಲು ನಾಲಿಗೆ ಚಪ್ಪರಿಸಿ ಹೇಳುತ್ತಾನೆ: ‘ಕೈಗೆ ಬೆಣ್ಣೆ, ಕಾಲಿಗೆ ಎಣ್ಣೆ, ನಮ್ಮ ಲೆಕ್ಕ ಸೊನ್ನೆ!’

ಅಂದರೆ ನಮ್ಮ ಮೈದಾನದ ಒಂದೇ ಒಂದು ಕಾನೂನನ್ನು ನನ್ನ ಬಾಯಿಂದಲೇ ಮುರಿಸಿದ್ದಾನೆ.

ಹೊರಗೆ ಕಾರ್ಯದರ್ಶಿ ಸಿಕ್ಕ. ಕ್ಲಬ್ಬಿನ ಕಾರ್ಯದರ್ಶಿ, ಆಟದ ಸಾಮಾನಿನ ಅಂಗಡಿಯವನು, ಒಂದನೇ ತರಗತಿಯಿಂದ ನನ್ನ ಬೆಂಚಿನವನು.

“ನಿಂಗೆ ಮೊದಲೇ ಗೊತ್ತಿತ್ತೇನೋ?”

“ಕಥೆ ಹೇಳಿದ್ರು. ನೀನು ಬೇಜಾರು ಮಾಡ್ಕೋತೀಯ ಅಂತ ಹೇಳ್ಲಿಲ್ಲ.”

“ಈಗ ಬೇಜಾರಾಗ್ಲಿಲ್ವಾ?”

“ಈಗ ಎಲ್ಲರ ಜೊತೆ ಆಯ್ತಲ್ಲ, ಹಂಚಿಕೊಳ್ಳಬಹುದು.”

ಒಂದನೇ ತರಗತಿಯಲ್ಲೇ ಬೆಂಚು ಬದಲಾಯಿಸಬೇಕಿತ್ತು.

ಜನವರಿ ೧೩, ಶನಿವಾರ

ನಿದ್ದೆ ಬರಲಿಲ್ಲ. ಅವಮಾನದಿಂದ ಅಂದುಕೊಂಡೆ, ಅಲ್ಲ. ಬೆಣ್ಣೆ, ಎಣ್ಣೆ, ಸೊನ್ನೆ! ಇದನ್ನು ಶಾಲೆಯ ಹುಡುಗರೂ ಕಟ್ಟುತ್ತಾರೆ. ಊರೆಲ್ಲ ಇದು ನನ್ನದೆಂದು ತಿಳಿಯುತ್ತದಲ್ಲ. ಮೈಕಿನವನು ಅಂಥ ಅಯೋಗ್ಯನೇ ಆಗಿದ್ದರೂ ಕನಿಷ್ಠ ಹೀಗಾದರೂ ಹೇಳಬಹುದಿತ್ತು: ‘ಬಂದ ಚೆಂಡಿಗೆ ಬಾಗಿಲು ತೆರೆದ, ಬಲೆಯಲ್ಲಿ ಕೂರಿಸಿ ಭಕ್ತಿ ಮೆರೆದ!’ ಆದಿಯಲ್ಲೂ ಪ್ರಾಸ, ಅಂತ್ಯದಲ್ಲೂ ಪ್ರಾಸ. ಕಸುಬುದಾರಿಕೆ ಅಂದರೆ ಇದು. ಸುಮ್ಮನೆ ಬರೆದಿಟ್ಟಿದ್ದೇನೆ. ಬಳಸುವುದಕ್ಕಲ್ಲ.

ಜನವರಿ ೨೮, ಭಾನುವಾರ

ಸಿನಿಮಾ ಓಡುತ್ತಿದೆ, ಓಡುತ್ತಿದೆ, ಎಲ್ಲ ಕಡೆ ಓಡುತ್ತಿದೆ. ಇವತ್ತು ಮೈದಾನಕ್ಕೆ ಬಂದರೆ ನನ್ನ ಏಣಿಯ ಬುಡದಲ್ಲೂ ಜನ. ಗೋಡೆ ಹತ್ತಿದವರನ್ನು ಇಳಿಸಿ ಟಿಕೆಟ್ ಕೊಡುತ್ತಿದ್ದರು. ಗಾಜು ಕಂಬದ ಹತ್ತಿರ ಹೋಗಿ ಗೇಣು ಹಾಕಿದ್ದೇ ತಡ, ಹೋ ಎಂದು ನಕ್ಕರು. ಅವನು ಕೈ ಹಿಂದೆಗೆದ. ಆಮೇಲೆ ಏನನ್ನಿಸಿತೋ, ನಿಧಾನವಾಗಿ ಪೂರ್ತಿ ಅಳೆದ. ಗೇಣು ಗೇಣಿಗೂ ಜನ ಎಣಿಸಿದರು.

ಅವನು ಎರಡು ಒಳ್ಳೆಯ ಚೆಂಡು ಹಿಡಿದ. ಯಾರೂ ನೋಡಲಿಲ್ಲ. ಮೂರನೆಯದು ಒಳಗೆ ಹೋಯಿತು. ನಾನು ಮೈಕು ಆರಿಸಿದೆ.

ಆಗ ಕೇಳಬೇಕಿತ್ತು. ಮೌನದೊಳಗಿಂದ ಮೈದಾನಕ್ಕೆ ಮೈದಾನವೇ ನನ್ನ ಗೂಡಿನ ಕಡೆ ತಿರುಗಿ ಕೂಗಿತು: ಕೈಗೆ ಬೆಣ್ಣೆ! ಕಾಲಿಗೆ ಎಣ್ಣೆ! ಬಸ್ ನಿಲ್ದಾಣದಲ್ಲಿ ಅಷ್ಟು ಕಾಲ ಕೂಗಿದರೂ ಒಬ್ಬನೇ ಒಬ್ಬ ನನಗೆ ತಿರುಗಿ ಕೂಗಿರಲಿಲ್ಲ. ನಾನು ಗುಂಡಿ ಮುಟ್ಟಲಿಲ್ಲ. ದಾಖಲೆಗೆ ಇರಲಿ.

ಮನೆಯಲ್ಲಿ ಊಟಕ್ಕೆ ಕುಳಿತಾಗ ಗಾಜು ಅಂದ, “ಥ್ಯಾಂಕ್ಸ್ ಭಾವ. ನೀವಾದ್ರೂ ಸುಮ್ನಿದ್ರಿ.”

“ಸೋಲಿಗೆ ಮೈಕಿಲ್ಲ” ಅಂದೆ, ಎದೆಯುಬ್ಬಿಸಿ.

ಫೆಬ್ರವರಿ ೨, ಶುಕ್ರವಾರ

ಕಾರ್ಯದರ್ಶಿಯ ಅಂಗಡಿಗೆ ಜಗಳವಾಡಲೆಂದೇ ಹೋದೆ. ಕೌಂಟರಿನ ಮೇಲೆ ಟೀ ಶರ್ಟಿನ ರಾಶಿ. ಪ್ರತಿಯೊಂದರ ಎದೆಯ ಮೇಲೆ ‘ಕೈಗೆ ಬೆಣ್ಣೆ’, ಬೆನ್ನಿನ ಮೇಲೆ ‘ಕಾಲಿಗೆ ಎಣ್ಣೆ’.

“ಇದೇನೋ ಇದು?”

“ಪಾಠ. ಸಿನಿಮಾ ನೋಡಿ ಎಲ್ಲರೂ ನಕ್ಕರು, ನಾನು ಕಲಿತೆ. ಚೆಂಡು ಮಾರಿ ನಾನು ಎಷ್ಟು ವರ್ಷದಲ್ಲಿ ಉದ್ಧಾರ ಆಗ್ತಿದ್ದೆ ಹೇಳು? ಆಟ ಮಾರೋದಲ್ಲ ಗುರೂ, ಆಟ ನೋಡ್ದಾಗ ಏನಾಗುತ್ತೋ ಅದನ್ನ ಮಾರ್ಬೇಕು.”

“ಸಿನಿಮಾದ ಕೊನೇಲಿ ಅವರು ಗೆಲ್ತಾರಲ್ಲ. ಅದನ್ನ ಕಲೀಲಿಲ್ವಾ?”

“ಕೊನೇ ಹತ್ತು ನಿಮಿಷ ಸುಳ್ಳು ಕಣೋ. ಸಿನಿಮಾ ಮುಗೀಬೇಕಲ್ಲ, ಅದಕ್ಕೆ ಗೆಲ್ಲಿಸ್ತಾರೆ. ನಮಗೇನು ಮುಗಿಸೋ ಅವಸರ?”

ಹಾಸಿಗೆ ಕಂಪನಿಯವರು ತಂಡಕ್ಕೆ ಪ್ರಾಯೋಜಕರಾಗಿ ಬರುತ್ತಿದ್ದಾರಂತೆ. ‘ಬಿದ್ದರೆ ಹೀಗೆ ಬೀಳಬೇಕು’ ಅನ್ನುವುದು ಇನ್ನು ಮುಂದೆ ಆಟಗಾರರ ಅಂಗಿಯ ಮೇಲೆ. ಗಾಜು ಚೆಂಡು ತಪ್ಪಿಸಿಕೊಂಡು ಮೆತ್ತನೆಯ ಹಾಸಿಗೆಯ ಮೇಲೆ ಬೀಳುವ ಒಂದು ಜಾಹೀರಾತೂ ಆಗಬೇಕಂತೆ.

“ಅಂದ್ರೆ ಬೇಕಂತಲೇ ಸೋಲಬೇಕಾ?”

“ಛೆ ಛೆ, ಸೋಲಿ ಅಂತ ಯಾರಾದ್ರೂ ಹೇಳ್ತಾರಾ? ಗೆಲ್ಲೋಕೆ ಗಡಿಬಿಡಿ ಮಾಡ್ಬೇಡಿ ಅಂತ, ಅಷ್ಟೆ.”

ನಾನು ಹೇಳಬೇಕಾದದ್ದನ್ನೆಲ್ಲ ಹೇಳಿದೆ. ದ್ರೋಹಿ ಅಂದೆ. ಬೆಂಚಿನ ಮೇಲೆ ಹಂಚಿಕೊಂಡ ಪೆನ್ಸಿಲ್ಲಿನ ಮೇಲೆ ಆಣೆ ಅಂದೆ. ಅವನು ಪೂರ್ತಿ ಕೇಳಿಸಿಕೊಂಡು, ನನ್ನ ಅಳತೆಯ ಟೀ ಶರ್ಟು ಹುಡುಕಿ ಕಾಗದದಲ್ಲಿ ಸುತ್ತಿಕೊಟ್ಟ. “ಪ್ರಾಸ ಅಷ್ಟು ಚೆನ್ನಾಗಿಲ್ಲ ಅಂತಾರೆ ಜನ. ನೀನು ಕಟ್ಟಿದ್ರೆ ಅದರ ಕಥೇನೇ ಬೇರೆ ಇರ್ತಿತ್ತು.”

ತರಬಾರದೆಂದು ಇದ್ದೆ. ಬಸ್ಸು ಹತ್ತಿದ ಮೇಲೆ ನೋಡಿದರೆ ಕಂಕುಳಲ್ಲೇ ಇತ್ತು.

ಸಿನಿಮಾದ ಪಾಠ, ಪ್ರಾಸದಲ್ಲಿ: ತಂಡಕ್ಕೆ ಅಭಿಮಾನಿ ಬೇಕು, ದಂಧೆಗೆ ಗಿರಾಕಿ ಸಾಕು.

ಫೆಬ್ರವರಿ ೧೧, ಭಾನುವಾರ

ತಪ್ಪು ತಿಳಿಯಬೇಡಿ, ಸಭಾಸದರೇ. ನಾನು ಕಾನೂನು ಮುರಿಯಲಿಲ್ಲ, ತಿದ್ದುಪಡಿ ಮಾಡಿದೆ.

ಎದುರಾಳಿ ಗೋಲು ಹೊಡೆದ ತಕ್ಷಣ ಜನ ಮತ್ತೆ ಆ ದರಿದ್ರ ಬೆಣ್ಣೆ-ಎಣ್ಣೆ ಶುರು ಮಾಡಿದರು. ಕಿವಿಯಿದ್ದವನು ಎಷ್ಟು ಸಹಿಸಬೇಕು? ಒಳ್ಳೆಯ ಪ್ರಾಸ ಕೇಳಿದರೆ ಕೆಟ್ಟದ್ದು ಬಿಡುತ್ತಾರೆ ಎಂಬ ಸದುದ್ದೇಶದಿಂದ, ಭಾಷೆಯ ಹಿತದೃಷ್ಟಿಯಿಂದ, ಗುಂಡಿ ಒತ್ತಿ ಹೇಳಿದೆ: “ಬಂದ ಚೆಂಡಿಗೆ ಬಾಗಿಲು ತೆರೆದ, ಬಲೆಯಲ್ಲಿ ಕೂರಿಸಿ ಭಕ್ತಿ ಮೆರೆದ!”

ಆಗ ಎದ್ದ ನಗೆ ಇದೆಯಲ್ಲ, ಗೂಡಿನ ತಗಡು ನಡುಗಿತು. ನಾನು ಕುಳಿತ ಕುರ್ಚಿ ನಡುಗಿತು. ಇನ್ನೂ ಒಂದು ಗೋಲು ಬಿತ್ತು. ಅದಕ್ಕೂ ಕೇಳಿದರು, ಅದಕ್ಕೂ ಹೇಳಿದೆ. ಬೆಣ್ಣೆ-ಎಣ್ಣೆ ಅಲ್ಲಿಗೆ ನಿಂತಿತು. ಉದ್ದೇಶ ಈಡೇರಿತು.

ಗಾಜು ಊಟಕ್ಕೆ ಕೆಳಗೆ ಬರಲಿಲ್ಲ. ಸೋತಿದ್ದಾನಲ್ಲ, ಬೇಸರವಿರುತ್ತದೆ. ಹೆಂಡತಿ ಅವನ ತಟ್ಟೆಯನ್ನು ಮೇಲೆ ಒಯ್ದಳು, ನನ್ನದನ್ನು ಮೇಜಿನ ಮೇಲೆ ಇಟ್ಟಳು. ಇಟ್ಟದ್ದು ಸ್ವಲ್ಪ ಜೋರಾಗಿತ್ತು.

ಫೆಬ್ರವರಿ ೧೩, ಮಂಗಳವಾರ

ಕಳೆದುಹೋದ ವಸ್ತುಗಳ ಕೋಣೆಗೆ ಇವತ್ತು ಏನೂ ಕಳೆದುಕೊಳ್ಳದ ಜನ ಬಂದಿದ್ದರು. ನನ್ನನ್ನು ನೋಡಲು. ಒಬ್ಬಾಕೆ “ಭಕ್ತಿ ಮೆರೆದ ಹೇಳಿ ಅಂಕಲ್” ಅಂದಳು. ಹೇಳಿದೆ. ನಿಲ್ದಾಣದ ಮೇಲಧಿಕಾರಿಗಳೂ ಬಾಗಿಲಲ್ಲಿ ನಿಂತು ನಕ್ಕರು. ಯಂತ್ರ ತಂದ ಪುಣ್ಯಾತ್ಮರು ಅವರೇ. “ನಿಮ್ಮಲ್ಲಿ ಇಂಥದ್ದೆಲ್ಲ ಇದೆ ಅಂತ ಗೊತ್ತೇ ಇರ್ಲಿಲ್ಲವಲ್ರೀ” ಅಂದರು. ನನಗೆ ಗೊತ್ತಿತ್ತು, ಸ್ವಾಮಿ.

ಫೆಬ್ರವರಿ ೨೫, ಭಾನುವಾರ

ಇವತ್ತಿನದು ಇಲ್ಲಿಯವರೆಗಿನ ಅತ್ಯುತ್ತಮ. ಮಧ್ಯಾಹ್ನ ಸ್ನಾನ ಮಾಡುವಾಗ ತಾನಾಗಿ ಬಂತು: ‘ಗಾಜಿನ ಗೋಡೆ ಎಷ್ಟು ಚೆನ್ನ, ಚೆಂಡು ದಾಟಿತು ತಡೆಯೋ ಮುನ್ನ!’ ನೋಡಿ, ಅವನ ಕಸುಬೂ ಬಂತು, ಅಡ್ಡಹೆಸರೂ ಬಂತು, ಆಟವೂ ಬಂತು. ಮೂರು ಹಕ್ಕಿ, ಒಂದೇ ಕಲ್ಲು.

ಮೊದಲ ಗೋಲಿಗೆ ಬಿಟ್ಟೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗೋಲು ಹೊಡೆದವನಿಗಲ್ಲ, ನನಗೆ. ಹೊಡೆದವನೂ ನನ್ನ ಕಡೆ ನೋಡಿ ಕೈಬೀಸಿದ.

ಗಾಜು ಬಲೆಯೊಳಗಿಂದ ಚೆಂಡು ಎತ್ತಿ ನಡುಗೆರೆಗೆ ಒದ್ದ. ಗೂಡಿನ ಕಡೆ ನೋಡಲಿಲ್ಲ.

ಮನೆಗೆ ಬಂದಾಗ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು, ಬೆರಳಿಗೆ ಸುತ್ತಿದ ಬಟ್ಟೆ ಬಿಚ್ಚುತ್ತಿದ್ದ. ಗಾಜು ತಾಗಿ ಬೆರಳು ಕೊಯ್ದುಕೊಳ್ಳುವುದು ಅವನಿಗೆ ಹೊಸದಲ್ಲ.

“ಒಂಬತ್ತು ವರ್ಷ ಕಾದೆ, ಭಾವ” ಅಂದ. “ಕೊನೆಗೂ ನನ್ನ ಮೇಲೆ ಒಂದು ಕಟ್ಟಿದ್ರಿ.”

“ಅದು ತಮಾಷೆಗೆ ಕಣೋ. ಜನ ಕೇಳ್ತಾರೆ. ಆಟದಲ್ಲಿ ಇದೆಲ್ಲ ಇದ್ದದ್ದೇ.”

“ಚೆನ್ನಾಗಿತ್ತು. ಪ್ರಾಸ ಚೆನ್ನಾಗಿತ್ತು.”

ಹೆಂಡತಿ ಒಲೆಯ ಕಡೆ ಮುಖ ಮಾಡಿಕೊಂಡೇ ಕೇಳಿದಳು, “ರೀ, ಆ ಸಿನಿಮಾದವನ ಮೇಲೆ ಇನ್ನೂ ಕೋಪ ಇದೆಯಾ?”

“ಇಲ್ಲದೆ? ನನ್ನ ಬೆನ್ನಿಗೆ ಚೂರಿ ಹಾಕ್ದೋನು ಅವನು.”

“ಸರಿ. ಆ ಚೂರಿ ಈಗ ಯಾರ ಕೈಲಿದೆ ಅಂತ ಸ್ವಲ್ಪ ನೋಡ್ಕೊಳ್ಳಿ.”

ಈ ಮನೆಯಲ್ಲಿ ಯಾರಿಗೂ ಹಾಸ್ಯಪ್ರಜ್ಞೆಯಿಲ್ಲ. ಮೈದಾನದಲ್ಲಿ ಅಷ್ಟೊಂದು ಜನಕ್ಕೆ ಇರುವುದು ಮನೆಯಲ್ಲಿ ಇಬ್ಬರಿಗೆ ಇರಬಾರದೇ?

ಮಾರ್ಚ್ ೪, ಸೋಮವಾರ

ನನ್ನ ಮನೆಯಲ್ಲೇ, ನನ್ನ ತಾರಸಿಯ ಮೇಲೇ, ನನ್ನ ವಿರುದ್ಧ ಪಿತೂರಿ ನಡೆದಿದೆ.

ಒಂದು ವಾರದಿಂದ ಬೆಳ್ಳಂಬೆಳಗ್ಗೆ ತಲೆಯ ಮೇಲೆ ಧಡ್ ಧಡ್. ಇವತ್ತು ಮೆಟ್ಟಿಲು ಹತ್ತಿ ನೋಡಿದೆ. ಬಟ್ಟೆ ಒಣಹಾಕುವ ಎರಡು ಕಂಬಗಳ ನಡುವೆ ಗಾಜು ನಿಂತಿದ್ದಾನೆ. ಎದುರಿಗೆ ನನ್ನ ಧರ್ಮಪತ್ನಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಚೆಂಡು ಒದೆಯುತ್ತಿದ್ದಾಳೆ. ನಿಜ ಹೇಳಬೇಕೆಂದರೆ ನಮ್ಮ ತಂಡದ ಮುಂಚೂಣಿಯವರಿಗಿಂತ ವಾಸಿ.

“ಎಡಕ್ಕೆ ನೋಡ್ತಾ ಬಲಕ್ಕೆ ಹೊಡೀ ಅಕ್ಕ! ಮೋಸ ಮಾಡು!”

“ಮೋಸ ಮಾಡೋಕೆ ನಂಗೆಲ್ಲಿ ಬರತ್ತೋ. ನಿಮ್ಮ ಭಾವನ್ನ ಕರೀಲಾ?”

ಇಬ್ಬರೂ ನಕ್ಕರು. ನನ್ನನ್ನು ಕಂಡು ನಿಲ್ಲಿಸಿದರು. ನಕ್ಕಿದ್ದು ತಪ್ಪಲ್ಲ, ನಿಲ್ಲಿಸಿದ್ದು ನೋಡಿ, ಅದು.

ಇಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ಸಂಜೆ ಕಾರ್ಯದರ್ಶಿ ಫೋನ್ ಮಾಡಿದ. ಹಾಸಿಗೆಯ ಜಾಹೀರಾತಿನಲ್ಲಿ ಬೀಳುವುದಿಲ್ಲ ಎಂದು ಗಾಜು ಮುಖಕ್ಕೆ ಹೊಡೆದ ಹಾಗೆ ಹೇಳಿ ಬಂದಿದ್ದಾನಂತೆ. ಆ ಜಾಹೀರಾತಿಗೆ ಹಿನ್ನೆಲೆ ದನಿ ನನ್ನದು! ಪ್ರಾಸಗಳು ನನ್ನವು! ಮೂರು ಕಟ್ಟಿ ಕೊಟ್ಟಾಗಿದೆ, ಹೊಸ ಅಂಗಿ ಕೂಡ ಹೊಲಿಸಲು ಹಾಕಿದ್ದೇನೆ. ನನ್ನ ಒಂದು ಮಾತು ಕೇಳಬೇಡವೇ?

ಮೇಲೆ ಹೋಗಿ ಕೇಳಿದೆ. “ಒಂದು ಸಲ ಬಿದ್ರೆ ನಿನ್ನ ಗಂಟೇನೋ ಹೋಗತ್ತೆ? ಮೆತ್ತಗಿರತ್ತೆ ಬೇರೆ.”

ಅವನು ಕೈಗವಸು ಹೊಲಿಯುತ್ತಿದ್ದ. “ಬಿದ್ದಿದೀನಲ್ಲ ಭಾವ, ಒಂಬತ್ತು ವರ್ಷ. ಚೆಂಡಿಗೋಸ್ಕರ ಬಿದ್ದೆ. ಹಾಸಿಗೆಗೋಸ್ಕರ ಬೀಳಲ್ಲ.”

ಮೊದಲು ಯಂತ್ರ ಕೈಕೊಟ್ಟಿತು, ಆಮೇಲೆ ಟೋಪಿಯವನು, ಆಮೇಲೆ ಕಾರ್ಯದರ್ಶಿ. ಕಾರ್ಯದರ್ಶಿಯೇನೋ ಈಗ ಸರಿಹೋಗಿದ್ದಾನೆ. ಈಗ ಮನೆಯವನೇ. ಅನ್ನ ಹಾಕಿದ ಕೈಯನ್ನು ಕಚ್ಚುವುದು ಎಂದರೆ ಇದೇ.

ಸಿನಿಮಾದ ಇನ್ನೊಂದು ಪಾಠ: ಗೆದ್ದವನಿಗೆ ಕಪ್, ಬಿದ್ದವನಿಗೆ ಕ್ಯಾಮೆರಾ. ಇದನ್ನು ಅರ್ಥ ಮಾಡಿಕೊಳ್ಳದವನು ಗಾಜೇ ಕೂರಿಸಬೇಕು.

ಮಾರ್ಚ್ ೯, ಶನಿವಾರ

ನಾಳೆ ಋತುವಿನ ಕೊನೆಯ ಪಂದ್ಯ. ಗೆದ್ದರೆ ಈ ಲೀಗಿನಲ್ಲಿ ಉಳಿಯುತ್ತೇವೆ, ಇಲ್ಲವಾದರೆ ಕೆಳಗಿನ ದರ್ಜೆಗೆ. “ಎಲ್ಲಿದ್ರೇನು, ನಗೋಕೆ ಜನ ಬಂದ್ರಾಯ್ತು” ಅನ್ನುತ್ತಾನೆ ಕಾರ್ಯದರ್ಶಿ. ಟಿಕೆಟ್ಟು ಒಂದೂ ಉಳಿದಿಲ್ಲ. ಹೊಸ ಪ್ರಾಸವೊಂದು ಎಷ್ಟು ಚೆನ್ನಾಗಿ ಕುದುರಿದೆಯೆಂದರೆ ಇಲ್ಲಿ ಬರೆಯಲೂ ಮನಸ್ಸಿಲ್ಲ. ನಾಳೆ ಬಿಸಿಬಿಸಿಯಾಗಿ ಬಡಿಸಬೇಕು.

ಹಳೆಯ ಪುಟ ತಿರುಗಿಸುವಾಗ ‘ಬಿರುಗಾಳಿಗೂ ಅಲುಗದ ಕದ’ ಕಣ್ಣಿಗೆ ಬಿತ್ತು. ಇದಕ್ಕೆ ಎರಡನೆಯ ಸಾಲು ಬೇಕಿತ್ತು. ಯಾಕೆ ಬೇಕಿತ್ತೆಂದು ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಮಾರ್ಚ್ ೧೦, ಭಾನುವಾರ

ಮಾನ್ಯರೇ, ಇವತ್ತಿನ ಕಾರ್ಯಕ್ರಮದಲ್ಲಿ ತಾಂತ್ರಿಕ ಅಡಚಣೆಯುಂಟಾದದ್ದಕ್ಕೆ ವಿಷಾದಿಸುತ್ತೇನೆ. ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ.

ಪಂದ್ಯಕ್ಕೆ ಮೊದಲು ಗಾಜು ಕಂಬಗಳನ್ನು ಅಳೆದ. ಜನ ಎಣಿಸಿದರು. ಅವನ ಅಕ್ಕ ಎಂದೂ ಮೈದಾನಕ್ಕೆ ಬಾರದವಳು ಇವತ್ತು ಗೋಲಿನ ಹಿಂದೆಯೇ ಕುಳಿತಿದ್ದಳು.

ಆಟ ಶುರುವಾದ ಸ್ವಲ್ಪ ಹೊತ್ತಿಗೆ ನಮ್ಮವರ ಗೋಲು ಆಯಿತು. ಎದುರಾಳಿಯ ಬೆನ್ನಿಗೆ ಬಡಿದು ತಾನಾಗಿ ಒಳಗೆ ಹೋದದ್ದು. ನಾನು ಹಳೆಯದೇ ಒಂದು ಪ್ರಾಸ ಹೇಳಿದೆ. ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. ಗೆಲುವಿನ ಪ್ರಾಸ ಕೇಳಲು ಈಗ ಯಾರು ಬರುತ್ತಾರೆ? ಆಮೇಲೆ ಎದುರಾಳಿಗಳು ಮುತ್ತಿಗೆ ಹಾಕಿದರು. ಗಾಜು ಹಿಡಿದ. ಗುದ್ದಿದ. ಕಾಲಿನಿಂದ ತಳ್ಳಿದ. ಒಮ್ಮೆ ಮುಖದಿಂದಲೇ ತಡೆದ. ಪ್ರತಿ ಸಲ ನನ್ನ ಹೆಬ್ಬೆರಳು ಗುಂಡಿಯ ಮೇಲೆ ಹೋಗಿ, ವಾಪಸು ಬಂತು. ಜನರೂ ಪ್ರತಿ ಸಲ ಬಾಯಿ ತೆರೆದು, ಮುಚ್ಚಿಕೊಂಡರು. ಕೆಲವರು ಆಕಳಿಸಿ ಎದ್ದು ಹೋದರು. ಕಾರ್ಯದರ್ಶಿ ಕೆಳಗಿನಿಂದ ನನ್ನತ್ತ ನೋಡಿ ಕೈ ತಿರುಗಿಸಿದ, ಏನಾಗ್ತಿದೆ ಎಂಬಂತೆ.

ಮುಗಿಯಲು ಇನ್ನೇನು ಕೆಲವೇ ಕ್ಷಣಗಳಿರುವಾಗ ಎದುರಾಳಿಗೆ ಪೆನಾಲ್ಟಿ ಸಿಕ್ಕಿತು. ಮೈದಾನ ಎದ್ದು ನಿಂತಿತು. ಎಲ್ಲೋ ಒಂದು ಮೂಲೆಯಿಂದ ಶುರುವಾಗಿ ಎಲ್ಲರೂ ನನ್ನ ಸಾಲನ್ನೇ ಕೂಗತೊಡಗಿದರು: ಗಾಜಿನ ಗೋಡೆ! ಗಾಜಿನ ಗೋಡೆ! ಅವನು ಗೆರೆಯ ಮೇಲೆ ನಿಂತು ಅಕ್ಕನ ಕಡೆ ಒಮ್ಮೆ ತಿರುಗಿ ನೋಡಿದ. ಒದೆಯುವವನು ಎಡಕ್ಕೆ ನೋಡಿದ, ಬಲಕ್ಕೆ ಹೊಡೆದ.

ಗಾಜು ಬಲಕ್ಕೆ ಬಿದ್ದ. ಎದ್ದಾಗ ಚೆಂಡು ಎದೆಯಲ್ಲಿತ್ತು.

ಸೀಟಿ ಊದಿದರು. ಗೆದ್ದೆವು. ಒಂದೂ ಗೋಲು ಬಿಡದೆ ಗೆದ್ದೆವು.

ಜನಕ್ಕೆ ಏನು ಮಾಡಬೇಕೆಂದು ತಿಳಿಯಲಿಲ್ಲ. ನಗಲು ಬಂದವರು ಅವರು. ಎಲ್ಲರೂ ಗೂಡಿನತ್ತ ತಿರುಗಿದರು, ನಾನು ಹೇಳಿಕೊಟ್ಟರೆ ಹೇಳುತ್ತಿದ್ದರು. ಗಾಜೂ ತಿರುಗಿದ. ಕೆಸರು ಮೆತ್ತಿದ ಮುಖ, ಮೂಗಿನಿಂದ ಸ್ವಲ್ಪ ರಕ್ತ, ಎದೆಯಲ್ಲಿ ಚೆಂಡು. ಅಷ್ಟು ದೂರದಿಂದಲೂ ಕಾಣುತ್ತಿತ್ತು. ಇಷ್ಟು ವಾರಗಳಲ್ಲಿ ಅವನು ಗೂಡಿನ ಕಡೆ ನೋಡಿದ್ದು ಅದೇ ಮೊದಲು.

ಆಗಲೇ ಮೈಕು ಕೆಟ್ಟಿತು. ಹಳೆಯ ತಂತಿ, ತಗಡಿನ ಗೂಡು, ಜನರ ಕಾಲ್ತುಳಿತ, ಏನೋ ಒಂದು. ಗುಂಡಿ ಒತ್ತಿದೆ, ದನಿ ಹೊರಡಲಿಲ್ಲ. ಮೈದಾನದ ಮೇಲೆ ಮೌನ ಬಿದ್ದಿತ್ತು. ಗೆರೆಯಾಚೆ ಕುಳಿತಿದ್ದ ಎದುರು ತಂಡದವರಲ್ಲಿ ಒಬ್ಬ, ಹಳೆಯ ವಾಡಿಕೆ ನೆನಪಿದ್ದವನಿರಬೇಕು, ಟೊಪ್ಪಿಗೆ ತೆಗೆದ.

ಗಾಜು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದ. ಆಮೇಲೆ ಚೆಂಡನ್ನು ನೆಲದ ಮೇಲೆ ಮೆಲ್ಲಗೆ, ಗಾಜು ಇಡುವ ಹಾಗೆ ಇಟ್ಟು ಹೊರಟುಹೋದ.

ಮನೆಗೆ ಬಂದು ಹೇಳಿದೆ, “ಮೈಕು ಕೈಕೊಡ್ತು ಕಣೋ. ಆ ತಂತಿ ಬದಲಾಯಿಸಿ ಅಂತ ಎಷ್ಟು ಸಲ ಹೇ—”

“ಪ್ರಾಸ ಏನೂ ಬೇಡಿತ್ತು ಭಾವ” ಅಂದ. ಚೀಲಕ್ಕೆ ಬಟ್ಟೆ ತುಂಬುತ್ತಿದ್ದ. ಇನ್ನು ತಾನು ಕೆಲಸ ಮಾಡುವ ಗಾಜಿನಂಗಡಿಯ ಹಿಂದಿನ ಕೋಣೆಯಲ್ಲೇ ಇರುತ್ತಾನಂತೆ. “ನನ್ನ ಹೆಸರು ಹೇಳಿದ್ರೆ ಸಾಕಿತ್ತು.”

“ಮೈಕೇ ಇಲ್ದೆ ಹೆಂಗೆ—”

“ಬಸ್ ಸ್ಟ್ಯಾಂಡಲ್ಲಿ ಕರೆಂಟ್ ಹೋದಾಗ ಬಾಯಲ್ಲೇ ಕೂಗ್ತಿದ್ರಲ್ಲ” ಎಂದಳು ಹೆಂಡತಿ. “ಮೂರು ಬೀದಿ ಆಚೆ ನಮ್ಮನೇಗೆ ಕೇಳಿಸ್ತಿತ್ತು.”

ಅವನು ಹೋದ. ಅವಳು ಚೀಲದ ಇನ್ನೊಂದು ಹಿಡಿ ಹಿಡಿದುಕೊಂಡು ಜೊತೆಯಲ್ಲೇ ಹೋದಳು. ಬಿಟ್ಟು ಬರುತ್ತೇನೆ ಅಂದಳು, ಎಷ್ಟು ಹೊತ್ತಿಗೆಂದು ಹೇಳಲಿಲ್ಲ.

ಆದ್ದರಿಂದ, ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಗಣ್ಯರೇ, ತೀರ್ಪು ನಿಮಗೇ ಬಿಟ್ಟದ್ದು. ಒಂದು ತಂತಿಯ ದೋಷಕ್ಕೆ ಒಬ್ಬ ಮನುಷ್ಯನನ್ನು ಹೀಗೆ ಒಂಟಿ ಮಾಡಿ ಹೋಗುವುದು ದ್ರೋಹವಲ್ಲದೆ ಇನ್ನೇನು? ನಾಳೆಯೇ ಕೆಲಸದವನನ್ನು ಕರೆಸಿ ಆ ಮೈಕನ್ನು—

ಯಾವ ಅಧ್ಯಕ್ಷರೂ ಇಲ್ಲ. ಯಾವ ಗಣ್ಯರೂ ಇಲ್ಲ. ಮನೆಯಲ್ಲಿ ಯಾರೂ ಇಲ್ಲ.

ಮೈಕು ಕೆಟ್ಟಿರಲಿಲ್ಲ. ಚೆಂಡು ಒಳಗೆ ಹೋಗಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಅವನು ಹಿಡಿದುಬಿಟ್ಟ.